ಅಳಿವೆಯಿಂದ ಒಳಗೆ

ಗೋಕರ್ಣದ ಓಂ ಬೀಚಿಗೆ ಬಂದವರು ದಿನವಿಡೀ ನೀರಾಡಿ, ಸೂರ್ಯ ಮುಳುಗುವ ಫೋಟೊ ತೆಗೆದುಕೊಂಡು ಬಸ್ಸು ಹತ್ತುತ್ತಾರೆ. ಆ ಕಡಲು ಅಷ್ಟು ಚೆಂದ, ತಪ್ಪೇನಿಲ್ಲ. ಆದರೆ ಉತ್ತರ ಕನ್ನಡದ ಹಳೆಯ ದಿನಗಳನ್ನು ಕಾಣಬೇಕೆನ್ನುವವರಿಗೆ ನಾನು ಹೇಳುವುದು ಒಂದೇ: ಕಡಲಿಗೆ ಬೆನ್ನು ಹಾಕಿ, ಹೊಳೆಯ ಜಾಡು ಹಿಡಿದು ಒಳಗೆ ನಡೆಯಿರಿ.

ಕಾರಣ ಕಾಳುಮೆಣಸು. ಬೆಳೆಯುವುದು ಘಟ್ಟದ ತೋಟಗಳಲ್ಲಿ, ಅದಕ್ಕಾಗಿ ಹಡಗು ಕಾಯುವುದು ಕಡಲಲ್ಲಿ. ನಡುವಿನ ದಾರಿಯೇ ಹೊಳೆ. ಭರತದ ನೀರು ಅಳಿವೆ ದಾಟಿ ಒಳನುಗ್ಗುವಾಗ ದೋಣಿಗಳೂ ಅದರೊಡನೆ ಮೇಲೇರುತ್ತಿದ್ದವು, ಇಳಿತಕ್ಕೆ ಮೂಟೆ ಹೊತ್ತು ಮರಳುತ್ತಿದ್ದವು. ಹಾಗಾಗಿ ಮಳೆಗಾಲದ ತೆರೆಗೂ ದೋಚಲು ಬರುವವರಿಗೂ ಸುಲಭಕ್ಕೆ ಸಿಗದಷ್ಟು ಒಳಗೆ ಪೇಟೆ, ಕೋಟೆ, ಬಸದಿಗಳೆದ್ದವು.

ಕುಮಟೆಯ ಹತ್ತಿರ ಅಘನಾಶಿನಿಯ ದಡದಲ್ಲಿ ಮಿರ್ಜಾನ ಕೋಟೆ. ಚಿರೆಕಲ್ಲಿನ ಗೋಡೆ, ಸುತ್ತ ಕಂದಕ, ಒಳಗೆ ಆಳದ ಬಾವಿಗಳು. ಮಳೆಗಾಲದಲ್ಲಿ ಕಲ್ಲಿಗೆ ಕಲ್ಲೇ ಹಸಿರಾಗಿರುತ್ತದೆ, ಹೋಗುವುದಾದರೆ ಆಗಲೇ ಹೋಗಬೇಕು. 16ನೇ ಶತಮಾನದಲ್ಲಿ ಈ ಸೀಮೆಯನ್ನಾಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಅವಳ ಸರಕು ಬೇಕಿದ್ದವರು ಅವಳೊಡನೆ ಕಾದಾಡಿದರು, ಒಪ್ಪಂದಕ್ಕೂ ಬಂದರು.

ಅವಳ ರಾಜಧಾನಿ ಗೇರುಸೊಪ್ಪೆ. ಹೊನ್ನಾವರದಿಂದ ಶರಾವತಿಯಗುಂಟ ಮೇಲಕ್ಕೆ ಹೋಗಬೇಕು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಇಕ್ಕೇರಿಯ ವೆಂಕಟಪ್ಪ ನಾಯಕನಲ್ಲಿಗೆ ಹೊರಟ ಗೋವೆಯ ರಾಯಭಾರಿಯ ಜೊತೆ ಇದೇ ಹೊಳೆಯಲ್ಲಿ ದೋಣಿಯೇರಿ ಬಂದ. ಇಕ್ಕೆಲದ ಕಾಡಿನ ಚೆಲುವಿಗೆ ಮಾರುಹೋದವನಿಗೆ ದಡದಲ್ಲಿ ಸಿಕ್ಕಿದ್ದು ಹಾಳುಬಿದ್ದ ನಗರ. ರಾಣಿಯ ಕಾಲ ಕಳೆದು ಎಷ್ಟೋ ವರ್ಷವೇನೂ ಆಗಿರಲಿಲ್ಲ, ಆಗಲೇ ಮರಗಿಡ ಮುಚ್ಚಿತ್ತು! ಇಂದು ಅದೇ ಜಾಗದಲ್ಲಿ, ನಗರಬಸ್ತಿಕೇರಿಯ ಕಾಡಿನಲ್ಲಿ, ಚತುರ್ಮುಖ ಬಸದಿ ನಿಂತಿದೆ. ನಾಲ್ಕು ಬಾಗಿಲು, ನಾಲ್ಕು ದಿಕ್ಕಿಗೂ ಮುಖಮಾಡಿ ಕೂತ ತೀರ್ಥಂಕರರು. ಯಾವ ಬಾಗಿಲಲ್ಲಿ ನಿಂತರೂ ಅವರಲ್ಲೊಬ್ಬರಿಗೆ ನೀವೇ ಎದುರು. ಅದನ್ನು ನೋಡಿದ ಮೇಲೆ ಈ ಕರಾವಳಿಯನ್ನು ಬರೀ ಬೀಚುಗಳ ಸಾಲೆಂದು ಎಣಿಸಲು ನನಗೆ ಸಾಧ್ಯವಾಗಿಲ್ಲ.

ಹೊಳೆ ಎಲ್ಲರನ್ನೂ ಕಾಯಿತೆಂದಲ್ಲ. ಇನ್ನೂ ದಕ್ಷಿಣದ ಬಸರೂರು ಕೂಡ ಅಳಿವೆಯಿಂದ ಒಳಗೇ ಇದ್ದ ಪೇಟೆ. 1665ರಲ್ಲಿ ಶಿವಾಜಿಯ ಹಡಗುಗಳು ಬಂದು ಅದನ್ನು ಸೂರೆಗೊಂಡವು.

ಹೊನ್ನಾವರದಲ್ಲಿ ಈಗ ಪ್ರವಾಸಿಗರಿಗೆ ಕಾಂಡ್ಲಾ ಕಾಡು ತೋರಿಸುವ ದೋಣಿಗಳಿವೆ. ಅವುಗಳಲ್ಲಿ ಒಂದೆರಡಾದರೂ ಭರತದ ಹೊತ್ತು ನೋಡಿಕೊಂಡು, ಮೆಣಸಿನ ಕತೆ ಬಲ್ಲ ಊರವರೊಬ್ಬರನ್ನು ಕೂರಿಸಿಕೊಂಡು, ಹೊಳೆಯಲ್ಲಿ ಸಾಗುವಷ್ಟು ದೂರ ಗೇರುಸೊಪ್ಪೆಯತ್ತ ಹೋಗಬೇಕು. ಶಾಲೆಯ ಪ್ರವಾಸಕ್ಕೆ ಬರುವ ಮಕ್ಕಳನ್ನು ಮೊದಲು ಅದರಲ್ಲಿ ಹತ್ತಿಸಲಿ, ಕಡಲು ಆಮೇಲೆ.