ಹಳೆಯ ಕಾರಿನ ಹೊಗೆಯೂ ಶ್ರಾವಕನ ವ್ರತವೂ

ಶ್ರಾವಕನ ವ್ರತಗಳು ಬಸದಿಯ ಹೊಸ್ತಿಲಿನಲ್ಲಿಯೇ ಮುಗಿಯುವುದಿಲ್ಲ. ಅಂಗಡಿಯ ತಕ್ಕಡಿಯವರೆಗೂ, ಅಂಗಳದಲ್ಲಿ ನಿಂತ ವಾಹನದವರೆಗೂ ಅವು ಬರುತ್ತವೆ. ಕಾವೇರಿಯ ದಡದ ಸಿದ್ದಾಪುರದಲ್ಲಿ, ಕಾಫಿ ತೋಟಗಳ ನಡುವಿನ ಏರಿಳಿತದ ದಾರಿಗಳಲ್ಲಿ, ಕಾರ್ಬ್ಯುರೇಟರಿನ ಹಳೆಯ ಮಾರುತಿ 800 ಕಾರನ್ನು ಇಂದಿಗೂ ಓಡಿಸುವ ಗೃಹಸ್ಥನಿಗೆ ಈ ಮಾತು ಆರು ತಿಂಗಳಿಗೊಮ್ಮೆ ಎದುರಾಗುತ್ತದೆ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 115ನೆಯ ನಿಯಮದಂತೆ ವಾಹನಕ್ಕೆ ಹೊಗೆ ತಪಾಸಣೆಯ ಪ್ರಮಾಣಪತ್ರವಿರಬೇಕು. 2000ನೆಯ ಇಸವಿಗೆ ಮೊದಲು ತಯಾರಾದ ಪೆಟ್ರೋಲ್ ಕಾರಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇಕಡಾ 3ನ್ನೂ, ಹೈಡ್ರೋಕಾರ್ಬನ್ ಹತ್ತು ಲಕ್ಷದಲ್ಲಿ 1,500 ಭಾಗವನ್ನೂ ಮೀರಬಾರದು.

ಇದಕ್ಕೆ ನೇರವಾದ ಸಿದ್ಧತೆಯಿದೆ. ಏರ್ ಫಿಲ್ಟರಿನಲ್ಲಿ ಧೂಳು ಕಟ್ಟಿದರೆ ಗಾಳಿ ಸಾಲದೆ ಕಾರ್ಬನ್ ಮಾನಾಕ್ಸೈಡ್ ಏರುತ್ತದೆ. ಪ್ಲಗ್ಗು ಸರಿಯಾಗಿ ಕಿಡಿ ಹಾರಿಸದಿದ್ದರೆ ಉರಿಯದ ಪೆಟ್ರೋಲೇ ಹೈಡ್ರೋಕಾರ್ಬನ್ನಾಗಿ ಹೊರಬೀಳುತ್ತದೆ. ಇವೆರಡನ್ನೂ ಸರಿಪಡಿಸಿ, ಇಂಜಿನ್ ಆಯಿಲ್ ಬದಲಿಸಿ, ಸೈಲೆನ್ಸರಿನ ತೂತು ಮುಚ್ಚಿಸಿ, ಬಲ್ಲ ಮೆಕ್ಯಾನಿಕ್ಕನಿಂದ ಕಾರ್ಬ್ಯುರೇಟರ್ ಹೊಂದಿಸಿಕೊಳ್ಳಬೇಕು. ಚೋಕ್ ಪೂರ್ತಿ ಒಳಗೆ ತಳ್ಳಿ, ಕೆಲವು ಮೈಲಿ ಓಡಿಸಿ, ಇಂಜಿನ್ ಕಾದ ಮೇಲೆ ತಪಾಸಣೆಗೆ ಒಯ್ಯಬೇಕು.

ಅಡ್ಡದಾರಿಗಳೂ ಇವೆ. ಕಾರನ್ನು ಯಂತ್ರಕ್ಕೆ ಒಡ್ಡದೆಯೇ ಕಾಗದ ಪಡೆಯುವುದು ಒಂದು. ತಪಾಸಣೆಯ ಹೊತ್ತಿಗೆ ಮಾತ್ರ ಸ್ಕ್ರೂ ತಿರುಗಿಸಿ, ಮನೆಗೆ ಬಂದು ಮೊದಲಿನಂತೆ ಮಾಡಿಕೊಳ್ಳುವುದು ಇನ್ನೊಂದು. "ಒಂದು ಕಾರಿನ ಹೊಗೆಯಿಂದ ಲೋಕ ಕೆಡುತ್ತದೆಯೆ?" ಎಂಬ ಸಮಾಧಾನವೂ ಸಿದ್ಧವಾಗಿರುತ್ತದೆ.

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸಿದ್ದಾರೆ. ರಾಜ್ಯದ ಕಟ್ಟಳೆಯನ್ನು ಮೀರುವ ವಿರುದ್ಧರಾಜ್ಯಾತಿಕ್ರಮವೂ, ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವ ಹೀನಾಧಿಕಮಾನೋನ್ಮಾನವೂ ಅವುಗಳಲ್ಲಿ ಸೇರಿವೆ. ಸುಳ್ಳು ಪ್ರಮಾಣಪತ್ರಕ್ಕೆ ಈ ಎರಡು ದೋಷಗಳೂ ಅಂಟುತ್ತವೆ. ಹೊಗೆ ಅಳೆಯುವ ಯಂತ್ರವೂ ಒಂದು ತಕ್ಕಡಿಯೇ. ಗಿರಾಕಿಗೆ ಕಾಳುಮೆಣಸು ತೂಗುವಾಗ ಬೆರಳಿಡದ ವ್ಯಾಪಾರಿ ಇಲ್ಲಿ ಬೆರಳಿಡುವುದು ಹೇಗೆ ಸರಿ? ಇಲ್ಲಿ ಮೋಸ ಹೋಗುವವರು ಅದೇ ಗಾಳಿಯನ್ನು ಉಸಿರಾಡುವ ಊರಿನವರೆಲ್ಲ.

ಗೃಹಸ್ಥನ ಪ್ರಯಾಣದಲ್ಲಿ ಸ್ವಲ್ಪ ಹಿಂಸೆ ತಪ್ಪದು; ವಾಯುಕಾಯಿಕ ಜೀವಗಳ ಘಾತವನ್ನು ಅವನು ಪೂರ್ತಿ ನಿವಾರಿಸಲಾರ. ಆದರೆ ಕೊಳೆಯಾದ ಫಿಲ್ಟರಿನಿಂದ ಹೆಚ್ಚಿದ ಹೊಗೆ ಯಾರ ಪ್ರಯೋಜನಕ್ಕೂ ಇಲ್ಲ. ಪ್ರಯೋಜನವಿಲ್ಲದ ಇಂತಹ ಹಿಂಸೆಯನ್ನೇ ಶಾಸ್ತ್ರವು ಪ್ರಮಾದಚರ್ಯೆಯೆಂದು ಕರೆದು ಅನರ್ಥದಂಡದಲ್ಲಿ ಸೇರಿಸಿದೆ.

ಇಷ್ಟು ಮಾಡಿಯೂ ಕಾರು ಉತ್ತೀರ್ಣವಾಗದಿದ್ದರೆ? ಆಗ ಪರೀಕ್ಷೆ ಕಾರಿನದಲ್ಲ, ಮಮತೆಯದು. ಇಂಜಿನ್ನಿಗೆ ಹಣ ವೆಚ್ಚ ಮಾಡಬೇಕು, ಇಲ್ಲವೆ ವಾಹನವನ್ನು ಬಿಡಬೇಕು. ಪರಿಗ್ರಹದ ಒಂದು ವಸ್ತುವಿಗಾಗಿ ಸತ್ಯಾಣುವ್ರತವನ್ನು ತೆರುವುದು ಲೆಕ್ಕ ಬಲ್ಲವನಿಗೆ ನಷ್ಟದ ವ್ಯಾಪಾರ.