ಯಾರೂ ಬಿತ್ತದ ಶ್ರೀಮುದ್ರೆ

ಸಿಂಧನೂರಿನಿಂದ ಮಸ್ಕಿ ಹಾದು ಲಿಂಗಸುಗೂರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೆ ನನ್ನ ಕಣ್ಣು ರಸ್ತೆಯಂಚಿನ ಮೇಲೇ ಇರುತ್ತದೆ. ಪಾಳುಗೋಡೆ, ತಿಪ್ಪೆ, ಕಲ್ಲುಗುಂಡು ಎಲ್ಲಿದ್ದರೂ ಅಲ್ಲೊಂದು ಎದೆಮಟ್ಟದ ಗಿಡ ನಿಂತಿರುತ್ತದೆ. ಅದೇ ಶ್ರೀಮುದ್ರೆ. ಎಲೆ ಮುಟ್ಟಿದರೆ ಮೆತ್ತಗೆ, ಹೂವು ಅರಿಶಿನ ಬಣ್ಣ. ಮುಂಜಾನೆ ಹೋಗಿ ನೋಡಿದರೆ ಬರೀ ಮೊಗ್ಗು. ರಾಯಚೂರು ಸೀಮೆಯ ಬಿಸಿಲಿಗೆ ಹೆದರಿ ನಾವೆಲ್ಲ ನೆರಳು ಹಿಡಿದ ಮೇಲೆ, ಮಧ್ಯಾಹ್ನ ತಿರುಗಿದಾಗ ಅರಳುತ್ತದೆ.

ಇದರ ಮನೆತನ ದೊಡ್ಡದು. ದಾಸವಾಳ, ಹತ್ತಿ, ಬೆಂಡೆ, ಪುಂಡಿ ಎಲ್ಲ ದಾಯಾದಿಗಳೇ. ಪಾಲಾಗುವಾಗ ದಾಸವಾಳಕ್ಕೆ ದೇವರ ಜಗಲಿ ಸಿಕ್ಕಿತು, ಹತ್ತಿಗೆ ಎರೆಹೊಲ, ಪುಂಡಿಗೆ ರೊಟ್ಟಿಯ ಪಕ್ಕದ ಜಾಗ. ಶ್ರೀಮುದ್ರೆಗೆ ಉಳಿದದ್ದು ಬದು. ಆಯುರ್ವೇದದವರು ಮಾತ್ರ ಅತಿಬಲಾ ಎಂದು ಕರೆದು ಮರ್ಯಾದೆ ಕೊಟ್ಟಿದ್ದಾರೆ.

ಹೂವು ಬಿದ್ದ ಮೇಲೆ ಸುತ್ತಲೂ ಹಲ್ಲಿರುವ ದುಂಡನೆಯ ಕಾಯಿ ಕಟ್ಟುತ್ತದೆ. ಮಕ್ಕಳು ಅದನ್ನು ಅಂಗೈಗೆ ಒತ್ತಿಕೊಂಡು ಮುದ್ರೆ ಬಿತ್ತೆಂದು ಕುಣಿಯುತ್ತಾರೆ. ಮಸ್ಕಿಯ ದುರ್ಗದ ಗುಡ್ಡದಲ್ಲಿ ಇನ್ನೊಂದು ಮುದ್ರೆಯಿದೆ. ಚಿನ್ನದ ಗಣಿಯ ಎಂಜಿನಿಯರ್ ಬೀಡನ್ 1915ರಲ್ಲಿ ಕಂಡ ಬಂಡೆಶಾಸನ ಅದು. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆ ಅಶೋಕನ ಹೆಸರೂ ಅಲ್ಲಿ ಸಿಕ್ಕಿದ್ದರಿಂದ ಆ ಬಿರುದಿನ ದೊರೆ ಯಾರೆಂಬುದು ಗಟ್ಟಿಯಾಯಿತು. ಚಕ್ರವರ್ತಿಯ ಮಾತು ಎರಡು ಸಾವಿರ ವರ್ಷ ದಾಟಿ ಉಳಿದಿದೆ; ಮಕ್ಕಳ ಮುದ್ರೆ ಬೆವರಿಗೇ ಅಳಿಯುತ್ತದೆ, ಅವರಿಗೆ ಅದರ ಚಿಂತೆಯೂ ಇಲ್ಲ.

ಸಿಂಧನೂರು ಕಡೆ ಈ ಗಿಡಕ್ಕೆ ಜಾಗ ಕಡಿಮೆಯಾಗುತ್ತಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದಲ್ಲೆಲ್ಲ ಭತ್ತ ಬಂತು, ಭತ್ತದ ಹಿಂದೆ ಕಳೆನಾಶಕ ಬಂತು. ಈಗ ಕಾಲುವೆಯ ಏರಿಯೇ ಅದಕ್ಕೆ ಆಸರೆ. ಲಿಂಗಸುಗೂರು ಕಡೆಯ ಮಳೆಯಾಶ್ರಿತ ಕಲ್ಲುನೆಲದಲ್ಲಿ ಇನ್ನೂ ಆರಾಮವಾಗಿದೆ.

ರೈತರ ಸಿಟ್ಟಿಗೂ ಅರ್ಥವಿದೆ. ಹತ್ತಿಯನ್ನು ಕಾಡುವ ಹಿಟ್ಟು ತಿಗಣೆ, ಹತ್ತಿ ಇಲ್ಲದ ದಿನಗಳಲ್ಲಿ ಈ ದಾಯಾದಿಯ ಮನೆಯಲ್ಲೇ ಉಂಡು ಮಲಗುತ್ತದೆ. ಹಾಗಾಗಿ ಹತ್ತಿ ಹೊಲದ ಬದುವಿನಲ್ಲಿದ್ದರೆ ಕೀಳಿ, ನಾನು ಅಡ್ಡ ಬರುವುದಿಲ್ಲ. ಗುಡ್ಡದ ಬುಡ, ಕೆರೆಯ ಏರಿ, ಸ್ಮಶಾನದ ಅಂಚು, ಶಾಲೆಯ ಹಿಂಬದಿ ಯಾವ ಬೆಳೆಗೂ ಬೇಕಿಲ್ಲ. ನೀರು, ಗೊಬ್ಬರ ಕೇಳದೆ ಜೇನಿಗೂ ಚಿಟ್ಟೆಗೂ ಊಟವಿಕ್ಕುವ ಗಿಡಕ್ಕೆ ಅಷ್ಟನ್ನಾದರೂ ಬಿಟ್ಟುಕೊಡಿ.