ಎರಡು ಲೋಕದ ಸೀಸೆ

ನಮ್ಮ ಮನೆಯ ಅಟ್ಟದಲ್ಲಿ ದಾದಾರ ಕಾಲದ ಒಂದು ನೀಲಿ ಸೀಸೆ ಇತ್ತು. ಅದರ ಮೇಲಿನ ಚೀಟಿಯಲ್ಲಿ ಉರ್ದುವಿನಲ್ಲಿ ಬರೆದಿದ್ದುದನ್ನು, ಆಗಷ್ಟೇ ಓದಲು ಕಲಿತಿದ್ದ ನಾವು ಮಕ್ಕಳು ‘ಕೌನೈನ್’ ಎಂದು ಓದಿದೆವು. ಅಂದರೆ ಇಹ-ಪರ ಎರಡೂ ಲೋಕಗಳು. ಎರಡು ಲೋಕ ಇಷ್ಟು ಸಣ್ಣ ಸೀಸೆಯಲ್ಲಿ ಹಿಡಿಸೀತೆ? ದಾದಿ ನಕ್ಕುಬಿಟ್ಟರು. “ಅದು ಕುನೈನ್ ಮಕ್ಕಳೇ, ಚಳಿಜ್ವರದ ಪುಡಿ.” ಜಬರ್-ಪೇಶ್ ಹಾಕದೆ ಬರೆದರೆ ಎರಡೂ ಒಂದೇ.

ನಗು ನಿಲ್ಲಿಸಿ ದಾದಿ ಇನ್ನೊಂದು ಮಾತು ಹೇಳಿದರು. ನಮಗೆ ಬಡೇ ಅಬ್ಬಾ ಆಗಬೇಕಿದ್ದ ಮಗು ಆ ಪುಡಿ ಕೈಗೆ ಸಿಗುವ ಮುಂಚೆಯೇ ಹೋಗಿತ್ತು. ಯುದ್ಧದ ಕಾಲ. 1942ರಲ್ಲಿ ಜಪಾನ್ ಜಾವಾವನ್ನು ಹಿಡಿದ ಮೇಲೆ ಕುನೈನ್ ಎಲ್ಲೆಡೆ ದುರ್ಲಭವಾಗಿತ್ತು. ಎಲ್ಲಿಯ ಜಾವಾ, ಎಲ್ಲಿಯ ನಮ್ಮ ಮಲೆನಾಡು!

ಆ ಪುಡಿಯ ಮರವನ್ನು ನಾವು ನೋಡಿದ್ದು ಬಹಳ ವರ್ಷಗಳ ನಂತರ, ನೀಲಗಿರಿಯ ದೊಡ್ಡಬೆಟ್ಟದ ಕಡೆ. ಸಿಂಕೋನಾ. ಬ್ರಿಟಿಷರು 1860ರ ಹೊತ್ತಿಗೆ ತಂದು ನೆಟ್ಟದ್ದು. ವರ್ಷವಿಡೀ ಹಸಿರಾಗಿರುವ, ನೋಡಲು ತೀರಾ ಸಾಧಾರಣ ಮರ. ತವರು ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ಮಂಜು ಕವಿದ ಕಾಡು. ಔಷಧಿಯೆಲ್ಲ ಅದರ ತೊಗಟೆಯಲ್ಲಿ. ಹೆಸರು ಸ್ಪೇನಿನ ಚಿಂಚೋನ್ ಎಂಬ ಊರಿನ ಕೌಂಟೆಸ್‌ಳದ್ದು. ಆಕೆ ಇದರಿಂದ ಗುಣವಾದಳೆಂಬ ಕಥೆಯನ್ನು ಇತಿಹಾಸಕಾರರು ಒಪ್ಪುವುದಿಲ್ಲ. ಲಿನೇಯಸ್ ಆ ಹೆಸರಿನ ಅಕ್ಷರವನ್ನೂ ತಪ್ಪಿಸಿದ. ತಪ್ಪು ಓದಿದವರು ನಾವಷ್ಟೇ ಅಲ್ಲ.

ಜಾವಾದ ತೋಟಗಳ ಹಿಂದೆ ಇದ್ದವನು ಬೊಲಿವಿಯಾದ ಐಮಾರಾ ಬುಡಕಟ್ಟಿನ ಮ್ಯಾನುಯೆಲ್ ಇಂಕ್ರಾ ಮಮಾನಿ. ಯಾವ ಮರದ ತೊಗಟೆಯಲ್ಲಿ ಕಹಿ ಹೆಚ್ಚೆಂದು ಬಲ್ಲವನು. ಹೂವು ಹಿಮಕ್ಕೆ ಸುಟ್ಟುಹೋಗುತ್ತಿದ್ದುದರಿಂದ ವರ್ಷಗಟ್ಟಲೆ ಕಾದು, 1865ರಲ್ಲಿ ಚಾರ್ಲ್ಸ್ ಲೆಡ್ಜರ್ ಎಂಬ ಇಂಗ್ಲಿಷ್ ವ್ಯಾಪಾರಿಗೆ ಬೀಜ ತಂದುಕೊಟ್ಟ. ಲಂಡನ್ ಸರ್ಕಾರ ಬೇಡವೆಂದಿತು, ಡಚ್ಚರು ಕೊಂಡು ಜಾವಾದಲ್ಲಿ ಬಿತ್ತಿದರು. ಜಗತ್ತಿನ ಕುನೈನಿನ ಬಹುಪಾಲು ಆ ಬೀಜದ ಸಂತತಿಯಿಂದಲೇ ಬರತೊಡಗಿತು. ಮಮಾನಿಯನ್ನು ಅವನ ದೇಶದವರೇ ಹಿಡಿದು ಬಡಿದರು, ಅದರಲ್ಲೇ ಸತ್ತ. ಮರಕ್ಕೆ ‘ಲೆಡ್ಜರಿಯಾನಾ’ ಎಂದು ಹೆಸರಾಯಿತು.

ಬೀಜ ಸಾಗಿಸಿದ್ದು ಕಳ್ಳತನ ಎನ್ನುವವರಿದ್ದಾರೆ. ನಾವೂ ಅಲ್ಲವೆನ್ನಲಾರೆವು, ಅದು ಆ ಬೆಟ್ಟದ ಜನರ ಸೊತ್ತು. ಆದರೆ ಕೊನೆಗೂ ದಾದಾ ಎಲ್ಲಿಂದಲೋ ಸಂಪಾದಿಸಿ ತಂದ ಆ ಸೀಸೆಯ ಪುಡಿಯನ್ನು ಜೇನಿನಲ್ಲಿ ಕಲಸಿ ನೆಕ್ಕಿಸಿದ್ದರಿಂದ ಎರಡನೆಯ ಮಗು ಉಳಿಯಿತು. ಆ ಮಗುವೇ ನಮ್ಮ ಅಬ್ಬಾ.

ಈಗ ಸೀಸೆ ನಮ್ಮ ತಂಗಿಯ ಮನೆಯಲ್ಲಿದೆ. ಚೀಟಿಯ ಶಾಯಿ ಮಾಸಿದೆ. ತಳದಲ್ಲಿ ಒಂದಿಷ್ಟು ಪುಡಿ ಅಂಟಿಕೊಂಡಿದೆ, ಅದನ್ನು ತೊಳೆಯಲು ದಾದಿ ಯಾರಿಗೂ ಬಿಟ್ಟಿರಲಿಲ್ಲ.